ಬಾವುಟ ಸುಟ್ಟವನನ್ನು ಬಿಟ್ಟ ಕೋರ್ಟು

ಆಗಸ್ಟ್ 15ಕ್ಕೆ ಬಿಳಿ ಯೂನಿಫಾರ್ಮ್ ಇಸ್ತ್ರಿ ಮಾಡಿಸಿಕೊಂಡು ಧ್ವಜಕ್ಕೆ ಸೆಲ್ಯೂಟ್ ಹೊಡೆದು ಬೆಳೆದವರು ನಾವು. ಬಾವುಟ ಸುಡೋದು ತಪ್ಪು ಅಂತ ನಮಗ್ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ, ಬಾವುಟ ಸುಟ್ಟವನ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ ಅಂತ ಓದಿದಾಗ ವಿಚಿತ್ರ ಅನ್ನಿಸಿತು. ಕುತೂಹಲಕ್ಕೆ ಪೂರ್ತಿ ಕೇಸು ಓದಿದೆ. ಆ ಕಥೆ ಇಲ್ಲಿದೆ.

1984ರ ಆಗಸ್ಟ್. ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿ ರಿಪಬ್ಲಿಕನ್ ಪಕ್ಷದ ಸಮ್ಮೇಳನ ನಡೀತಿತ್ತು. ಅಧ್ಯಕ್ಷ ರೇಗನ್ ಅವರ ನೀತಿಗಳ ವಿರುದ್ಧ ಸುಮಾರು 100 ಜನ ಮೆರವಣಿಗೆ ಹೊರಟರು. ನಗರಸಭೆಯ ಮುಂದೆ ಗ್ರೆಗರಿ ಲೀ ಜಾನ್ಸನ್ ಎಂಬಾತ ಅಮೆರಿಕದ ಬಾವುಟಕ್ಕೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದ. ಯಾರಿಗೂ ಗಾಯವಾಗಲಿಲ್ಲ. ಆದರೂ 1 ವರ್ಷ ಜೈಲು, 2,000 ಡಾಲರ್ ದಂಡ ಬಿತ್ತು.

ರಾಜ್ಯದ ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಟೆಕ್ಸಾಸ್ ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋಯಿತು. 1989ರ ಜೂನ್ 21ರಂದು 5-4 ಅಂತರದಲ್ಲಿ ಜಾನ್ಸನ್ ಗೆದ್ದ. ತೀರ್ಪು ಬರೆದವರು ವಿಲಿಯಂ ಬ್ರೆನನ್. ತಮಾಷೆ ನೋಡಿ, ಆ ಐವರಲ್ಲಿ ಸ್ಕಾಲಿಯಾ ಮತ್ತು ಕೆನಡಿ ಇಬ್ಬರನ್ನೂ ನೇಮಿಸಿದ್ದು ಅದೇ ರೇಗನ್! ವಿರೋಧಿಸಿದವರೂ ಸಾಮಾನ್ಯರಲ್ಲ. ಅವರಲ್ಲೊಬ್ಬರಾದ ಸ್ಟೀವನ್ಸ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು. ಅವರ ನೋವನ್ನು ತಳ್ಳಿಹಾಕೋಕೆ ನನ್ನಿಂದ ಆಗಲ್ಲ.

ಆದರೆ ನನ್ನನ್ನು ಒಪ್ಪಿಸಿದ್ದು ಒಂದು ಸಣ್ಣ ವಿಷಯ. ಹಳತಾಗಿ ಹರಿದ ಬಾವುಟವನ್ನು ಏನು ಮಾಡಬೇಕು? ಗೌರವದಿಂದ ನಾಶಮಾಡಿ, ಸುಟ್ಟರೆ ಒಳ್ಳೇದು ಅನ್ನುತ್ತೆ ಅಮೆರಿಕದ ಧ್ವಜ ನಿಯಮ. ನಮ್ಮ ಭಾರತದ ಧ್ವಜ ಸಂಹಿತೆಯೂ ಖಾಸಗಿಯಾಗಿ ಹಾಗೇ ಮಾಡಿ ಅನ್ನುತ್ತೆ. ಅಂದರೆ ಬಟ್ಟೆಯೂ ಅದೇ, ಬೆಂಕಿಯೂ ಅದೇ. ಭಕ್ತಿಯಿಂದ ಸುಟ್ಟರೆ ಸರಿ, ಸಿಟ್ಟಿನಿಂದ ಸುಟ್ಟರೆ ಜೈಲು ಅನ್ನೋದಾದ್ರೆ, ಶಿಕ್ಷೆ ಬೆಂಕಿಗಲ್ಲ, ಸಿಟ್ಟಿಗೆ. ಸರ್ಕಾರದ ಮೇಲೆ ಸಿಟ್ಟು ಮಾಡಿಕೊಳ್ಳೋದು ಅಪರಾಧವಾದರೆ ಸ್ವಾತಂತ್ರ್ಯ ಯಾವುದಕ್ಕೆ?

ಜನ ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅದೇ ವರ್ಷ ಸಂಸತ್ತು ಹೊಸ ಕಾನೂನು ತಂತು, 1990ರಲ್ಲಿ ಕೋರ್ಟು ಅದನ್ನೂ ಹೊಡೆದುಹಾಕಿತು, ಮತ್ತೆ 5-4. 2006ರಲ್ಲಿ ಸಂವಿಧಾನವನ್ನೇ ತಿದ್ದಲು ಹೊರಟರು. ಸೆನೆಟ್‌ನಲ್ಲಿ ಬೇಕಿದ್ದಿದ್ದು 67 ಮತ, ಬಿದ್ದಿದ್ದು 66. ಒಂದೇ ಒಂದು ಮತ! 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಬಾವುಟ ಸುಡುವವರ ಮೇಲೆ ಕೇಸು ಹಾಕಿ ಅಂತ ಆದೇಶ ಹೊರಡಿಸಿದರು. ಆದರೆ ಅಧ್ಯಕ್ಷರ ಆದೇಶದಿಂದ ಕೋರ್ಟಿನ ತೀರ್ಪು ರದ್ದಾಗಲ್ಲ.

ನಮ್ಮಲ್ಲಿ ಹಾಗಿಲ್ಲ ಬಿಡಿ. 1971ರ ಕಾಯ್ದೆಯಂತೆ ಸಾರ್ವಜನಿಕವಾಗಿ ರಾಷ್ಟ್ರಧ್ವಜ ಸುಟ್ಟರೆ 3 ವರ್ಷದವರೆಗೂ ಜೈಲು. ನಾನು ಯಾವತ್ತೂ ಸುಡೋನಲ್ಲ, ಎದುರಿಗೆ ಯಾರಾದ್ರೂ ಸುಟ್ಟರೆ ಹೊಟ್ಟೆ ಉರಿಯುತ್ತೆ. ಆದರೂ ಪೊಲೀಸ್ ಭಯಕ್ಕೆ ಹುಟ್ಟಿದ ಗೌರವ ಎಷ್ಟು ದಿನ ಬಾಳಿಕೆ ಬರುತ್ತೆ ಅನ್ನೋ ಪ್ರಶ್ನೆ ಮಾತ್ರ ಬಿಡ್ತಿಲ್ಲ.

ಡಲ್ಲಾಸ್‌ನಲ್ಲಿ ಅವತ್ತು ಇನ್ನೊಬ್ಬನಿದ್ದ. ಗುಂಪು ಚದುರಿದ ಮೇಲೆ ಅವನು ಬಾವುಟದ ಸುಟ್ಟ ಚೂರುಗಳನ್ನು ಆರಿಸಿಕೊಂಡು ಹೋಗಿ ತನ್ನ ಹಿತ್ತಲಲ್ಲಿ ಹೂತ. ಯಾವ ಕಾನೂನೂ ಅವನಿಗೆ ಹಾಗೆ ಮಾಡು ಅಂದಿರಲಿಲ್ಲ. ಬ್ರೆನನ್ ತಮ್ಮ ತೀರ್ಪಿನಲ್ಲಿ ಅವನನ್ನೂ ನೆನೆದಿದ್ದಾರೆ. ನನ್ನ ಪ್ರಕಾರ ದೇಶಪ್ರೇಮ ಅಂದ್ರೆ ಅದು.

ನೀವೇನಂತೀರಿ?