45 ಪೈಸೆಯ ವಿಮೆ: ರೈಲು ತಡವಾದ್ರೆ ದುಡ್ಡು ಯಾರು ಕೊಡ್ತಾರೆ?

ಪುಣೆ, ಮುಂಬೈ, ಹೈದರಾಬಾದಿನಿಂದ ಹಬ್ಬಕ್ಕೆ ಊರಿಗೆ ಹೊರಡೋರು ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ಒಂದು ಪುಟ್ಟ ಚೌಕಕ್ಕೆ ಟಿಕ್ ಹಾಕಿರ್ತೀರಿ: ಪ್ರಯಾಣ ವಿಮೆ, 45 ಪೈಸೆ. ರೈಲು ಆರು ಗಂಟೆ ತಡವಾದಾಗ "ಇನ್ಶೂರೆನ್ಸ್ ಇದೆಯಲ್ಲ" ಅಂತ ನೆನಪಾಗುತ್ತೆ. ಷರತ್ತು ಓದಿ ನೋಡಿ, ತಡಕ್ಕೆ ಒಂದು ರೂಪಾಯಿಯೂ ಇಲ್ಲ. ಅಪಘಾತದಲ್ಲಿ ಸಾವು, ಅಂಗವೈಕಲ್ಯ, ಆಸ್ಪತ್ರೆ ಖರ್ಚು, ಇಂಥವಕ್ಕಷ್ಟೇ ಅದು.

ಯಾಕೆ ಹೀಗೆ? ಅದಕ್ಕೆ 1849ರ ಲಂಡನ್ನಿಗೆ ಹೋಗಬೇಕು. ಆಗ ರೈಲು ಹೊಸದು, ಜನಕ್ಕೆ ಭಯ ಇದ್ದದ್ದು ಜೀವದ್ದು. ರೈಲ್ವೆ ಪ್ಯಾಸೆಂಜರ್ಸ್ ಅಶೂರೆನ್ಸ್ ಕಂಪನಿ ಟಿಕೆಟ್ ಕೌಂಟರಿನಲ್ಲೇ ವಿಮೆ ಮಾರೋಕೆ ಶುರು ಮಾಡಿತು. ಮೊದಲ ದರ್ಜೆಗೆ 3 ಪೆನ್ಸ್ ಕೊಟ್ಟರೆ 1,000 ಪೌಂಡ್, ಮೂರನೇ ದರ್ಜೆಗೆ 1 ಪೆನ್ನಿಗೆ 200 ಪೌಂಡ್. ಇಂಗ್ಲೆಂಡಿನಲ್ಲಿ ಇದನ್ನು ಕಂಡ ಅಮೆರಿಕದ ಕಲ್ಲಿನ ವ್ಯಾಪಾರಿ ಜೇಮ್ಸ್ ಬ್ಯಾಟರ್ಸನ್, 1864ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಟ್ರಾವೆಲರ್ಸ್ ಕಂಪನಿಯ ಮೂಲಕ ಅಪಘಾತ ವಿಮೆ ಶುರು ಮಾಡಿದರು. ನಮ್ಮ 45 ಪೈಸೆ ಆ ಪೆನ್ನಿಯ ಮೊಮ್ಮಗ. ಜೀವಕ್ಕೆ ಬೆಲೆ ಕಟ್ಟಿತ್ತು, ಕಳೆದುಹೋದ ಸಮಯಕ್ಕೆ ಕಟ್ಟಿರಲಿಲ್ಲ.

ಸಮಯದ ನಷ್ಟಕ್ಕೂ ವಿಮೆ ಬಂದದ್ದು ಆಮೇಲೆ. ಅದರ ದೊಡ್ಡ ಪರೀಕ್ಷೆ 2010ರ ಏಪ್ರಿಲ್‌ನಲ್ಲಿ. ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶ ಸುಮಾರು ಆರು ದಿನ ಮುಚ್ಚಿತು. ಹತ್ತಿರಹತ್ತಿರ 1 ಲಕ್ಷ ವಿಮಾನಗಳು ರದ್ದು, ಸುಮಾರು 1 ಕೋಟಿ ಜನಕ್ಕೆ ತೊಂದರೆ. ಕ್ಲೇಮ್ ಹಾಕಿದವರ ಮುಂದೆ ವಿಚಿತ್ರ ಪ್ರಶ್ನೆ ಬಂತು: ಪಾಲಿಸಿಯಲ್ಲಿ "ಕೆಟ್ಟ ಹವಾಮಾನ" ಅಂತಿದೆ, ಬೂದಿ ಹವಾಮಾನವೇ? ಕೆಲವು ಕಂಪನಿ ಹೌದು ಅಂದವು, ಕೆಲವು ಇಲ್ಲ ಅಂದವು. ಒಂದೇ ಬೂದಿ, ಒಂದೇ ಏರ್‌ಪೋರ್ಟ್. ಒಬ್ಬರಿಗೆ ದುಡ್ಡು ಬಂತು, ಪಕ್ಕದವರಿಗೆ ಬರಲಿಲ್ಲ. 2013ರಲ್ಲಿ ಯುರೋಪಿನ ನ್ಯಾಯಾಲಯ ಇಂಥ ಸಂದರ್ಭದಲ್ಲೂ ಊಟ, ವಸತಿ ಕೊಡೋದು ವಿಮಾನಯಾನ ಸಂಸ್ಥೆಯದೇ ಹೊಣೆ ಎಂದಿತು. ಅಂದ್ರೆ, ವಿಮೆ ಬೇರೆ, ಪ್ರಯಾಣಿಕರ ಹಕ್ಕು ಬೇರೆ.

ನಮ್ಮಲ್ಲೂ ಇದು ಕಂಡಿದ್ದು 2020ರಲ್ಲಿ. ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ವಿಮಾನ ನಿಂತಾಗ, ಟಿಕೆಟ್ ದುಡ್ಡಿಗೆ ದಾರಿ ತೋರಿಸಿದ್ದು ಅಕ್ಟೋಬರ್ 1ರ ಸುಪ್ರೀಂ ಕೋರ್ಟ್ ಆದೇಶ. ಎಷ್ಟೋ ಪಾಲಿಸಿಗಳಲ್ಲಿ ಸಾಂಕ್ರಾಮಿಕ ರೋಗ ಹೊರಗಿತ್ತು.

ಹಾಗಾದ್ರೆ ಕೊಳ್ಳುವ ಮುಂಚೆ ಏನು ನೋಡಬೇಕು?

ಒಂದು, ಯಾವ ಕಾರಣಗಳನ್ನು ಹೆಸರಿಸಿದ್ದಾರೆ. ಪಟ್ಟಿಯಲ್ಲಿಲ್ಲದ ಕಾರಣಕ್ಕೆ ದುಡ್ಡು ಸಿಗೋದು ಕಷ್ಟ.

ಎರಡು, ಎಷ್ಟು ಗಂಟೆ ತಡವಾದರೆ ಲೆಕ್ಕ, ಗರಿಷ್ಠ ಎಷ್ಟು.

ಮೂರು, ಯಾವಾಗ ಕೊಂಡಿರಿ. ಚಂಡಮಾರುತದ ಸುದ್ದಿ ಬಂದ ಮೇಲೆ ಕೊಂಡರೆ, ಅದು "ಗೊತ್ತಿದ್ದ ಘಟನೆ". ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಇನ್ನು ರೈಲಿನ ವಿಷಯ. ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಪ್ರಯಾಣ ಮಾಡದಿದ್ರೆ ಪೂರ್ತಿ ರಿಫಂಡ್ ಕೇಳಬಹುದು. ಆದರೆ ನೀವು ಹತ್ತುವ ಸ್ಟೇಷನ್ನಿನಿಂದ ರೈಲು ಹೊರಡುವ ಮುಂಚೆ ಟಿಡಿಆರ್ ಹಾಕಬೇಕು. ಅದು ವಿಮೆ ಅಲ್ಲ, ರೈಲ್ವೆ ನಿಯಮ. ಮುಂದಿನ ಸಲ ಪ್ಲಾಟ್‌ಫಾರ್ಮಿನಲ್ಲಿ ಕೂತು ಕಾಯುವಾಗ 45 ಪೈಸೆ ನೆನೆಸಿಕೊಂಡು ಸುಮ್ಮನಿರಬೇಡಿ, ಗಡಿಯಾರ ನೋಡಿ.

ಮತ್ತೆ ಸಿಗೋಣ.