ಹಿಡಿ ಅಕ್ಕಿ ಹೆಚ್ಚಾದ ದಿನ: ಆಯ್ದಕ್ಕಿ ಲಕ್ಕಮ್ಮನ ಮನೆಯ ನಿಯಮ



ಕಾಯಕವೇ ಕೈಲಾಸ ಅನ್ನೋ ಮಾತು ನಿಮಗೆಲ್ಲ ಗೊತ್ತು. ಆಫೀಸಿನ ಗೋಡೆ ಮೇಲೆ, ಅಂಗಡಿ ಬೋರ್ಡಿನಲ್ಲಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಓದಿರ್ತೀರಿ. ಹೇಳಿದ್ದು ಯಾರು ಅಂತ ಕೇಳಿದ್ರೆ ಹೆಚ್ಚಿನವರು ಬಸವಣ್ಣ ಅಂತಾರೆ. ಆದರೆ ಆ ಮಾತು ನಮಗೆ ಸಿಗೋದು ಆಯ್ದಕ್ಕಿ ಮಾರಯ್ಯ ಅನ್ನೋ ವಚನಕಾರನ ವಚನದಲ್ಲಿ. ಇವತ್ತು ಆತನ ಮನೆಗೆ ಹೋಗೋಣ. ಯಾಕಂದ್ರೆ ಆ ಮನೆಯಲ್ಲಿ ಈ ಮಾತು ಗೋಡೆಗೆ ಅಂಟಿಸೋ ಬರಹ ಆಗಿರಲಿಲ್ಲ.

ಕಾಲ 12ನೇ ಶತಮಾನ. ಮಾರಯ್ಯ ಮತ್ತು ಅವನ ಹೆಂಡತಿ ಲಕ್ಕಮ್ಮ ಮೂಲತಃ ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬಸವಣ್ಣನ ಹೆಸರು ಕೇಳಿ ಕಲ್ಯಾಣಕ್ಕೆ, ಅಂದ್ರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಬಂದರು. ಅಲ್ಲಿ ಬಸವಣ್ಣನ ಮಹಾಮನೆಯಲ್ಲಿ ದಿನವೂ ದಾಸೋಹ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಕಾಳುಗಳನ್ನ ಆಯ್ದು ತರೋದು ಮಾರಯ್ಯನ ಕಾಯಕ. ಆ ಅಕ್ಕಿಯಲ್ಲೇ ಅಡುಗೆ, ಅದರಲ್ಲೇ ಬಂದ ಜಂಗಮರಿಗೂ ಊಟ.

ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬೇರೆ ಮನೆಯಾಗಿದ್ರೆ ಖುಷಿಪಡೋರು. ಲಕ್ಕಮ್ಮ ಕೇಳಿದ್ದು ಬೇರೆಯದೇ ಪ್ರಶ್ನೆ: ಇಷ್ಟು ಯಾಕೆ ತಂದ್ರಿ? ಇದು ನಿಮ್ಮ ಆಸೆಯೋ, ಇಲ್ಲ ನಮ್ಮ ಮೇಲೆ ಬಸವಣ್ಣನಿಗೇ ಅನುಮಾನವೋ? ಆಸೆ ಅನ್ನೋದು ಅರಸರಿಗೆ ಇರಲಿ, ನಮಗೆ ಬೇಡ ಅಂತ ಹೇಳಿ, ಹೆಚ್ಚಿನ ಅಕ್ಕಿಯನ್ನ ತಂದ ಜಾಗದಲ್ಲೇ ಸುರಿದು ಬರೋಕೆ ಕಳಿಸಿದಳು. ಮಾರಯ್ಯ ಹೋಗಿ ಸುರಿದು ಬಂದ.

ಒಂದು ವಿಷಯ ಸ್ಪಷ್ಟಪಡಿಸಿಬಿಡ್ತೀನಿ. ಈ ಪ್ರಸಂಗ ಕಥೆಯಾಗಿ ವಿವರವಾಗಿ ಸಿಗೋದು 15–16ನೇ ಶತಮಾನಗಳಲ್ಲಿ ರೂಪುಗೊಂಡ ‘ಶೂನ್ಯಸಂಪಾದನೆ’ಯಲ್ಲಿ, ಅಂದ್ರೆ ಸುಮಾರು 300 ವರ್ಷ ಆದ ಮೇಲೆ. ಅದೇ ಅಕ್ಕಿಯಲ್ಲಿ ಸಾವಿರಾರು ಜನರಿಗೆ ಉಣಬಡಿಸಿದರು ಅನ್ನೋ ಪವಾಡವೂ ಕಥೆಗೆ ಸೇರಿದೆ. ಅದನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಲಕ್ಕಮ್ಮನ ಹೆಸರಿನಲ್ಲಿ ಸುಮಾರು 25 ವಚನಗಳು ಉಳಿದಿವೆ. ಗಂಡನನ್ನ ಪ್ರಶ್ನಿಸೋ ಆ ದನಿ ಅವುಗಳಲ್ಲೇ ಕೇಳಿಸುತ್ತೆ. ಕಾಯಕ ನಿಂತುಹೋಗಿದೆ, ಎದ್ದು ಹೊರಡಿ ಅಂತ ಎಚ್ಚರಿಸೋದೂ ಅವಳೇ. ಮನಸ್ಸು ಶುದ್ಧ ಇಲ್ಲದವನಿಗೆ ಮಾತ್ರ ಬಡತನ ಅನ್ನೋದು ಅವಳ ವಾದ.

ಮಜಾ ಏನಂದ್ರೆ, ಅವಳ ಅಂಕಿತದಲ್ಲಿ ಗಂಡನ ಹೆಸರೂ ಇದೆ. ಅವನ ಹೆಸರು ಹಿಡಿದೇ ವಚನ ಹೇಳ್ತಾಳೆ, ಅದೇ ವಚನದಲ್ಲಿ ಅವನನ್ನ ತಿದ್ದುತ್ತಾಳೆ. ಪ್ರೀತಿ, ಗೌರವ ಎರಡೂ ಇದೆ. ಬಾಯಿಮುಚ್ಚಿಕೊಂಡಿರೋ ನಿಯಮ ಮಾತ್ರ ಇಲ್ಲ.

ಕಲ್ಯಾಣದಲ್ಲಿ ಇಂಥ ಮನೆ ಇದೊಂದೇ ಅಲ್ಲ. ಕಟ್ಟಿಗೆ ಮಾರಿ ಬದುಕಿದ ಮೋಳಿಗೆ ಮಾರಯ್ಯ, ಅವನ ಹೆಂಡತಿ ಮಹಾದೇವಿ ಇಬ್ಬರೂ ವಚನಕಾರರು. ಉರಿಲಿಂಗಪೆದ್ದಿ, ಕಾಳವ್ವೆ ಕೂಡ ಹಾಗೇ. ಅನುಭವ ಮಂಟಪದ ಚರ್ಚೆ ಸಂಜೆಗೆ ಮುಗಿದುಹೋಗಲಿಲ್ಲ, ಮನೆಯ ಒಲೆಯ ಪಕ್ಕಕ್ಕೂ ಬಂತು.

ಈಗ ನಮ್ಮ ಮನೆಗಳ ಕಡೆ ನೋಡಿ. ‘ನಮ್ಮ ಮನೆಯ ಸಂಸ್ಕಾರ’ ಅನ್ನೋ ಮಾತು ಹೆಚ್ಚಾಗಿ ಕೇಳಿಬರೋದು ದೊಡ್ಡವರು ಚಿಕ್ಕವರಿಗೆ, ಗಂಡ ಹೆಂಡತಿಗೆ ಬುದ್ಧಿ ಹೇಳುವಾಗ. ಲಕ್ಕಮ್ಮನ ಮನೆಯಲ್ಲಿ ನಿಯಮ ದುಡಿದು ತಂದವನಿಗೂ ಅನ್ವಯಿಸಿತು. ಆ ದಿನ ಅವನು ಸಿಟ್ಟಾಗಿ ‘ತಂದಿದ್ದು ನಾನು, ಕೇಳೋಕೆ ನೀನ್ಯಾರು’ ಅಂದಿದ್ರೆ ಕಥೆ ಅಲ್ಲಿಗೇ ಮುಗೀತಿತ್ತು. ಅವಳು ಕೇಳಿದಳು, ಅವನು ಅಕ್ಕಿ ಹೊತ್ತುಕೊಂಡು ವಾಪಸ್ ನಡೆದ. ಆ ಮನೆಯ ಮೌಲ್ಯ ನಿಂತಿದ್ದು ಈ ಎರಡರ ಮೇಲೆ.

ನಿಮ್ಮ ಮನೆಯಲ್ಲಿ ‘ಸಾಕು, ಇದು ನಮಗೆ ಬೇಡ’ ಅಂತ ಹೇಳೋ ಹಕ್ಕು ಯಾರ್ಯಾರಿಗಿದೆ? ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.