ನಿಧಾನ ಹರಿವಿನ ಕ್ರಿಯಾಪದಗಳು

ನಿಧಾನ ಹರಿವಿನ ಕ್ರಿಯಾಪದಗಳು ಎಂದರೆ ದ್ರವವು ರಭಸವಿಲ್ಲದೆ, ಅಲ್ಪ ಪ್ರಮಾಣದಲ್ಲಿ ಹೊರಬರುವ, ಒಳಸೇರುವ ಅಥವಾ ಕೆಳಗಿಳಿಯುವ ಕ್ರಿಯೆಯನ್ನು ಸೂಚಿಸುವ ಪದಗಳು. ಕನ್ನಡದಲ್ಲಿ ಒಸರು, ಜಿನುಗು, ಊರು, ಸೋರು, ಬಸಿ, ಇಂಗು ಮತ್ತು ತೊಟ್ಟಿಕ್ಕು ಈ ಗುಂಪಿನ ಮುಖ್ಯ ಪದಗಳು. ಸಂಸ್ಕೃತ ಮೂಲದ ಸ್ರವಿಸು ಎಂಬುದು ಹೆಚ್ಚಾಗಿ ವೈದ್ಯಕೀಯ ಮತ್ತು ವಿಜ್ಞಾನ ಬರಹಗಳಲ್ಲಿ ಬಳಕೆಯಲ್ಲಿದೆ. ಇಂಗ್ಲಿಷಿನ ಊಜ್, ಸೀಪ್, ಟ್ರಿಕಲ್, ಲೀಕ್ ಮೊದಲಾದವು ಇವುಗಳಿಗೆ ಸಮೀಪವಾದರೂ ಸಂಪೂರ್ಣ ಸಮಾನಾರ್ಥಕಗಳಲ್ಲ.

ಅರ್ಥವ್ಯತ್ಯಾಸ

ಈ ಪದಗಳು ಹರಿವಿನ ವೇಗಕ್ಕಿಂತ ಅದರ ದಿಕ್ಕನ್ನೂ ಕಾರಣವನ್ನೂ ಸೂಚಿಸುತ್ತವೆ.

• ಒಸರು, ಜಿನುಗು: ಒಳಗಿನಿಂದ ಮೇಲ್ಮೈಗೆ ಬರುವುದು. ಬಂಡೆಯ ಸಂದಿನಿಂದ ನೀರು ಒಸರುತ್ತದೆ. ಹಣೆಯಲ್ಲಿ ಬೆವರು ಜಿನುಗುತ್ತದೆ.
• ಊರು (ಹಳಗನ್ನಡದ ಊಱು): ಒಳಗಿಂದ ಬಂದು ತುಂಬಿಕೊಳ್ಳುವುದು. ಬಾವಿಯಲ್ಲಿ ನೀರು ಊರುತ್ತದೆ. ತಮಿಳು, ತೆಲುಗು ಮತ್ತು ಮಲಯಾಳಂ ಭಾಷೆಗಳಲ್ಲೂ ಇದರ ಜ್ಞಾತಿಪದಗಳಿವೆ. ಚಿಲುಮೆ ಎಂಬ ಅರ್ಥದ ಊಟೆ ಇದಕ್ಕೆ ಸಂಬಂಧಿಸಿದ ಪದ.
• ಸೋರು: ಬಿರುಕು ಅಥವಾ ತೂತಿನಿಂದ ಹೊರಹೋಗುವುದು. ಇಲ್ಲಿ ನಷ್ಟದ ಭಾವವಿದೆ.
• ಬಸಿ: ಘನವಸ್ತುವಿನ ನಡುವಿನಿಂದ ದ್ರವ ಇಳಿದುಹೋಗುವುದು, ಇಳಿಸುವುದು. ಅನ್ನದ ಗಂಜಿಯನ್ನು ಬಸಿಯಲಾಗುತ್ತದೆ.
• ಇಂಗು: ಒಳಗೆ ಸೇರಿ ಮೇಲಿನಿಂದ ಕಾಣದಾಗುವುದು.
• ತೊಟ್ಟಿಕ್ಕು: ಹನಿಹನಿಯಾಗಿ ಬೀಳುವುದು. ‘ತೊಟತೊಟ’ ಎಂಬ ಅನುಕರಣ ಶಬ್ದ ಇದಕ್ಕೆ ಹತ್ತಿರದ್ದು.

ವಿಜಯಪುರ ಪರಿಸರದ ನಿದರ್ಶನಗಳು

ಮಳೆ ಕಡಿಮೆಯಿರುವ ವಿಜಯಪುರ ಸೀಮೆಯಲ್ಲಿ ಈ ವ್ಯತ್ಯಾಸಗಳು ನಿತ್ಯದ ಬಳಕೆಗೆ ಸಂಬಂಧಿಸಿವೆ. ನಗರದ ಹೊರವಲಯದ ಭೂತನಾಳ ಕೆರೆ ನಗರಕ್ಕೆ ಕುಡಿಯುವ ನೀರು ಒದಗಿಸಿದ ಜಲಮೂಲಗಳಲ್ಲಿ ಒಂದು. ಇಂತಹ ಕೆರೆಯ ನೀರು ತಳದಲ್ಲಿ ಇಂಗುತ್ತದೆ, ಏರಿಯ ಬುಡದಲ್ಲಿ ಬಸಿಯುತ್ತದೆ, ಕೆಳಗಿನ ಬಾವಿಗಳಲ್ಲಿ ಊರುತ್ತದೆ. ತೂಬು ಕೆಟ್ಟರೆ ಸೋರುತ್ತದೆ. ಮಣ್ಣಿನ ಏರಿಯ ಬುಡದಲ್ಲಿ ಸ್ವಲ್ಪ ತಿಳಿನೀರು ಬಸಿಯುವುದು ಸಾಮಾನ್ಯ ಸಂಗತಿ. ಆದರೆ ಬರುವ ನೀರು ಕದಡಿದ್ದರೆ ಏರಿಯ ಒಳಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಅದನ್ನು ಅಲಕ್ಷಿಸಿದರೆ ಏರಿ ಒಡೆಯಬಹುದು. ಆದ್ದರಿಂದ ಬಸಿಯುವುದಕ್ಕೂ ಸೋರುವುದಕ್ಕೂ ಇರುವ ಭೇದ ಕೇವಲ ಪದಗಳ ಭೇದವಲ್ಲ.

ಆದಿಲ್‌ಶಾಹಿ ಕಾಲದ ಸುರಂಗ ಜಲಮಾರ್ಗಗಳು (ಕರೇಜ್) ಒಸರುವ ಅಂತರ್ಜಲವನ್ನು ಸಂಗ್ರಹಿಸಿ, ಇಳಿಜಾರಿನ ಬಲದಿಂದಲೇ ನಗರಕ್ಕೆ ಹರಿಸುತ್ತಿದ್ದವು. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿ ರೂಢಿಯಲ್ಲಿದೆ. ಇಂಗುಗುಂಡಿ, ಬಸಿಗಾಲುವೆ, ಬಸಿನೀರು ಎಂಬ ಪಾರಿಭಾಷಿಕ ಪದಗಳೂ ಇವೇ ಧಾತುಗಳಿಂದ ಬಂದಿವೆ.

ಲಾಕ್ಷಣಿಕ ಬಳಕೆ

ಮೂಲಾರ್ಥದ ದಿಕ್ಕು ಮತ್ತು ಕಾರಣಗಳು ಲಾಕ್ಷಣಿಕ ಅರ್ಥದಲ್ಲೂ ಉಳಿಯುತ್ತವೆ. ನಷ್ಟವನ್ನು ಸೂಚಿಸುವ ಸೋರು ಧಾತುವಿನಿಂದ ‘ತೆರಿಗೆ ಸೋರಿಕೆ’, ‘ಮಾಹಿತಿ ಸೋರಿಕೆ’, ‘ಪ್ರಶ್ನೆಪತ್ರಿಕೆ ಸೋರಿಕೆ’ ಎಂಬ ಪ್ರಯೋಗಗಳು ಬಂದಿವೆ. 2016ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪ್ರಶ್ನೆಪತ್ರಿಕೆ ಎರಡು ಬಾರಿ ಬಹಿರಂಗವಾದಾಗ ಈ ಪದ ವ್ಯಾಪಕವಾಗಿ ಬಳಕೆಯಾಯಿತು. ಶಿಶುನಾಳ ಶರೀಫರ (1819–1889) ಪ್ರಸಿದ್ಧ ತತ್ವಪದವೊಂದರಲ್ಲಿ ಸೋರುವ ಮಾಳಿಗೆಯು ಅಜ್ಞಾನದಿಂದ ಹಾಳಾಗುವ ಬದುಕಿನ ರೂಪಕವಾಗಿದೆ. ಮಣ್ಣಿನ ಮಾಳಿಗೆಯ ಮನೆಗಳಿದ್ದ ಉತ್ತರ ಕರ್ನಾಟಕದಲ್ಲಿ ಇದು ಎಲ್ಲರ ಅನುಭವಕ್ಕೆ ಬಂದ ಚಿತ್ರ.

ಒಳಗಿನಿಂದ ಬರುವ ಭಾವಗಳಿಗೆ ಒಸರು ಮತ್ತು ಜಿನುಗು ಸಲ್ಲುತ್ತವೆ: ‘ಕರುಣೆ ಒಸರಿತು’, ‘ಪ್ರೀತಿ ಜಿನುಗಿತು’. ಆಸೆಯನ್ನು ಹೇಳುವಾಗ ‘ಬಾಯಲ್ಲಿ ನೀರೂರಿತು’ ಎನ್ನುತ್ತಾರೆ. ಇಂಗು ಧಾತುವು ಶಮನವನ್ನೂ ಮರೆಯಾಗುವುದನ್ನೂ ಸೂಚಿಸುತ್ತದೆ: ‘ಹಸಿವು ಇಂಗಿತು’, ‘ಉತ್ಸಾಹ ಇಂಗಿಹೋಯಿತು’. ‘ಬೆವರು ಬಸಿದು ದುಡಿ’ ಎಂಬಲ್ಲಿ ಬಸಿ ಪದವು ಕಠಿಣ ಶ್ರಮವನ್ನು ತಿಳಿಸುತ್ತದೆ. ಅಲ್ಪವಾದುದೂ ಕೂಡಿದರೆ ಹಿರಿದಾಗುವುದನ್ನು ‘ಹನಿ ಹನಿ ಗೂಡಿದರೆ ಹಳ್ಳ’ ಎಂಬ ಗಾದೆ ಹೇಳುತ್ತದೆ.

ಇಂಗ್ಲಿಷಿನೊಂದಿಗೆ ಹೋಲಿಕೆ

ಇಂಗ್ಲಿಷಿನ ಊಜ್ ಪದದ ಮೂಲ ‘ಸಸ್ಯರಸ’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ. ಎಕ್ಸ್ಯೂಡ್ ಪದವು ‘ಬೆವರಾಗಿ ಹೊರಬರು’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಇವೆರಡನ್ನೂ ವ್ಯಕ್ತಿಯ ಆತ್ಮವಿಶ್ವಾಸ ಅಥವಾ ಆಕರ್ಷಣೆ ಎದ್ದುಕಾಣುವುದನ್ನು ಹೇಳಲು ಬಳಸುತ್ತಾರೆ. ಕನ್ನಡದಲ್ಲಿ ‘ಆತ್ಮವಿಶ್ವಾಸ ಒಸರುತ್ತಿತ್ತು’ ಎಂದರೆ ಅದು ಅಲ್ಪವಾಗಿತ್ತು ಎಂಬ ಭಾವನೆ ಬರುತ್ತದೆ. ಅಲ್ಲಿ ‘ತುಂಬಿ ತುಳುಕು’, ‘ಹೊಮ್ಮು’ ಅಥವಾ ‘ಸೂಸು’ ಸಹಜವಾದ ಪ್ರಯೋಗಗಳು.

ಟ್ರಿಕಲ್ ಪದ ಅರ್ಥಶಾಸ್ತ್ರದ ಚರ್ಚೆಯಲ್ಲೂ ಪ್ರವೇಶಿಸಿದೆ. ಸಿರಿವಂತರಿಗೆ ದೊರೆತ ಲಾಭ ಕ್ರಮೇಣ ಬಡವರಿಗೂ ಇಳಿಯುತ್ತದೆ ಎಂಬ ವಾದವನ್ನು ಅಮೆರಿಕದ ಹಾಸ್ಯಗಾರ ವಿಲ್ ರಾಜರ್ಸ್ 1932ರಲ್ಲಿ ಈ ಪದದಿಂದಲೇ ಗೇಲಿ ಮಾಡಿದ್ದ. ಇದನ್ನು ಕನ್ನಡಿಸುವಾಗ ಸೋರು ಎಂದರೆ ನಷ್ಟ ಎಂದೂ, ಇಂಗು ಎಂದರೆ ಮಾಯವಾಯಿತು ಎಂದೂ ಅರ್ಥವಾಗುತ್ತದೆ. ‘ತೊಟ್ಟಿಕ್ಕು’ ಮೂಲಕ್ಕೆ ಹೆಚ್ಚು ಸಮೀಪವಾದುದು.

ಇವನ್ನೂ ನೋಡಿ

• ಧಾತು
• ಅನುಕರಣಾವ್ಯಯ
• ಅಂತರ್ಜಲ